ಕೊಂಬು ಕಳಚುವ ತಾಯಂದಿರು

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತು)



ಯಾವ ಊರಿಗೆ ಸುದ್ದಿಗೆಂದು ಹೋದರೂ ನಾವು ವರದಿಗಾರರು ಮೊದಲು ಕೇಳುವುದು ಒಂದೇ: ‘ಇಲ್ಲಿ ಮುಖಂಡರು ಯಾರು?’ ಒಂದು ಹೆಸರು ಸಿಕ್ಕರೆ ಅರ್ಧ ಸುದ್ದಿ ಸಿಕ್ಕಂತೆ. ಈ ಪ್ರಶ್ನೆ ಎಲ್ಲ ಕಡೆಯೂ ಸಲ್ಲುವುದಿಲ್ಲ ಎಂಬುದಕ್ಕೆ ಕೆನಡಾದ ಒಂದು ಪ್ರಕರಣ ಹೇಳುತ್ತೇನೆ.

ಅಲ್ಲಿನ ಗ್ರ್ಯಾಂಡ್ ನದಿಯ ದಂಡೆಯಲ್ಲಿ ಇರಾಕ್ವಾ ಮೂಲನಿವಾಸಿಗಳಿದ್ದಾರೆ. ಮೊಹಾಕ್, ಒನೈಡ, ಒನೊಂಡಾಗ, ಕಯುಗ, ಸೆನೆಕ ಎಂಬ ಐದು ಜನಾಂಗಗಳ ಒಕ್ಕೂಟ ಅವರದು. ಹದಿನೆಂಟನೇ ಶತಮಾನದಲ್ಲಿ ಟಸ್ಕರೋರ ಸೇರಿ ಆರಾಯಿತು. ಒಕ್ಕೂಟದ ಸಭೆಗೆ 50 ಮುಖ್ಯಸ್ಥರು. ಎಲ್ಲರೂ ಗಂಡಸರೇ. ಆದರೆ ಅವರನ್ನು ಆರಿಸುವವಳು ಕುಲದ ಹಿರಿಯ ತಾಯಿ. ಮುಖ್ಯಸ್ಥನ ಪದವಿಯ ಗುರುತು ಜಿಂಕೆಯ ಕೊಂಬು. ದಾರಿ ತಪ್ಪಿದವನಿಗೆ ಮೂರು ಸಲ ಎಚ್ಚರಿಕೆ. ಆಮೇಲೂ ತಿದ್ದಿಕೊಳ್ಳದಿದ್ದರೆ ಕೊಂಬು ಕಳಚಿಸುತ್ತಾಳೆ. ಮುಂದಿನ ಚುನಾವಣೆಯವರೆಗೆ ಕಾಯಬೇಕಿಲ್ಲ!

ಸಭೆಯಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ. ‘ಅಣ್ಣಂದಿರು’ ಎನಿಸಿದ ಮೊಹಾಕ್ ಮತ್ತು ಸೆನೆಕದವರು ಮೊದಲು ಚರ್ಚಿಸಿ, ಮಾತನ್ನು ಎದುರು ಕುಳಿತ ‘ತಮ್ಮಂದಿರಿಗೆ’ ದಾಟಿಸುತ್ತಾರೆ. ಇಬ್ಬರೂ ಒಪ್ಪಿದ್ದನ್ನು ಒನೊಂಡಾಗದವರು ಸ್ಥಿರಪಡಿಸುತ್ತಾರೆ. ಒಪ್ಪದಿದ್ದರೆ ಮತ್ತೆ ಮಾತು. ಸಂಜೆಯೊಳಗೆ ಸುದ್ದಿ ಕಳುಹಿಸಬೇಕಾದ ನಮ್ಮಂಥವರಿಗೆ ಇದು ಸಹಿಸಲಾಗದ ನಿಧಾನ.

ಕೆನಡಾ ಸರ್ಕಾರಕ್ಕೆ ಅಸಹನೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಈ ಸಭೆ ತನ್ನನ್ನು ಸ್ವತಂತ್ರ ರಾಷ್ಟ್ರದ ಸಭೆ ಎಂದೇ ತಿಳಿದಿತ್ತು. 1923ರಲ್ಲಿ ಕಯುಗ ಮುಖ್ಯಸ್ಥ ದೆಸ್ಕಾಹೆ ತನ್ನ ಜನರೇ ಕೊಟ್ಟ ಪಾಸ್‌ಪೋರ್ಟ್ ಹಿಡಿದು ಜಿನೀವಾಕ್ಕೆ ಹೋಗಿ ರಾಷ್ಟ್ರಸಂಘದ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಹಳೆಯ ಸಭೆಯನ್ನು ರದ್ದುಗೊಳಿಸಿ ಚುನಾವಣೆ ನಡೆಸಿತು. ಒಪ್ಪಂದಗಳ ನೆನಪನ್ನು ಮಣಿಗಳಲ್ಲಿ ನೇಯ್ದಿಟ್ಟಿದ್ದ ‘ವಾಂಪಮ್’ ಪಟ್ಟಿಗಳನ್ನು ಪೊಲೀಸರು ಒಯ್ದರು. ದೆಸ್ಕಾಹೆ 1925ರಲ್ಲಿ ತೀರಿಕೊಂಡ.

ಚುನಾಯಿತ ಮಂಡಲಿ ಬೇಕೆಂದು ಕೇಳಿದವರು ಆ ಜನರಲ್ಲೂ ಇದ್ದರು, ಮೊದಲ ಮಹಾಯುದ್ಧದಿಂದ ಮರಳಿದ ಕೆಲವು ಸೈನಿಕರೂ ಸೇರಿ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪ್ರಜಾಪ್ರಭುತ್ವ ತರುತ್ತೇವೆಂದ ಆ ಕಾನೂನು ಮತ ಕೊಟ್ಟದ್ದು ಗಂಡಸರಿಗೆ ಮಾತ್ರ. ಮುಖ್ಯಸ್ಥನನ್ನು ಏರಿಸಿ ಇಳಿಸುತ್ತಿದ್ದ ಹೆಂಗಸರಿಗೆ ಸರ್ಕಾರದ ಈ ಹೊಸ ಮಂಡಲಿಗೆ ಮತ ಹಾಕುವ ಹಕ್ಕು ಬಂದದ್ದು 1951ರಲ್ಲಿ! ನನ್ನ ಮಟ್ಟಿಗೆ ಇಡೀ ಪ್ರಕರಣದ ಮುಖ್ಯ ಸುದ್ದಿ ಇದೇ. ಅಂದಿನ ಅಧಿಕಾರಿಗಳ ಕಣ್ಣಿಗೆ ಕಂಡದ್ದು ಸಭೆಯಲ್ಲಿ ಕುಳಿತ ಗಂಡಸರು ಮಾತ್ರ. ಅವರನ್ನು ಅಲ್ಲಿ ಕೂರಿಸಿದವರು ಕಾಣಲಿಲ್ಲ.

ಹಳೆಯ ಸಭೆ ಸಾಯಲಿಲ್ಲ. ಸರ್ಕಾರದ ಮಾನ್ಯತೆ ಇಲ್ಲದೆಯೇ ಕೂಡುತ್ತ ಬಂತು. 2006ರಲ್ಲಿ ಕ್ಯಾಲಿಡೋನಿಯಾ ಊರಿನ ಬಳಿ ಬಡಾವಣೆಯೊಂದರ ಜಮೀನು ತಮ್ಮದೆಂದು ಈ ಜನ ಅಲ್ಲಿ ಬೀಡುಬಿಟ್ಟರು. ಮೊದಲು ಮುಂದೆ ಬಂದವರು ಹೆಂಗಸರು. ಮಾತುಕತೆಗೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆ ಎದ್ದಾಗ, ಚುನಾಯಿತ ಮಂಡಲಿಯೇ ಹಿಂದೆ ಸರಿದು ಆ ಹಳೆಯ ಸಭೆಯವರಿಗೆ ಕುರ್ಚಿ ಬಿಟ್ಟುಕೊಟ್ಟಿತು.