ಹತ್ತಿಯೂ ಗುಲಾಮಗಿರಿಯೂ

(ಮಾಧವರಂನಲ್ಲಿ ಕನ್ನಡ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಅಮೆರಿಕಾದ ಅಂತರ್ಯುದ್ಧದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಅಷ್ಟು ಹಳೆಯ ಜಗಳ ಮಾಧವರಂನವರಿಗೇಕೆ ಎನ್ನಬಹುದು. ಆದರೆ ಅದರ ಬೇರು ಇದ್ದದ್ದು ಹತ್ತಿಯಲ್ಲಿ. ಪೆರಂಬೂರಿನ ಬಿನ್ನಿ ಮಿಲ್ಲು 1996ರಲ್ಲಿ ಮುಚ್ಚಿತಾದರೂ ಹತ್ತಿಯ ಸಮಾಚಾರ ಈ ಕಡೆಯವರಿಗೆ ಹೊಸದಲ್ಲ.

ಅಮೆರಿಕಾದ ದಕ್ಷಿಣ ಸೀಮೆಯಲ್ಲಿ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಸುಮಾರು 40 ಲಕ್ಷ ಜನ. ತಾಯಿ ಒಬ್ಬನಿಗೆ, ಮಗು ಇನ್ನೊಬ್ಬನಿಗೆ ಹರಾಜಾಗುತ್ತಿತ್ತು. ಗುಲಾಮಗಿರಿ ಹೊಸ ಸೀಮೆಗಳಿಗೆ ಹಬ್ಬಕೂಡದೆಂದ ಲಿಂಕನ್ನರು 1860ರಲ್ಲಿ ಚುನಾಯಿತರಾದರು. ದಕ್ಷಿಣದ 11 ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು. 1861ರ ಏಪ್ರಿಲಿನಿಂದ ನಾಲ್ಕು ವರ್ಷ ಕಾಳಗ. ಆರು ಲಕ್ಷಕ್ಕೂ ಮಿಕ್ಕಿ ಜನ ಸತ್ತರು.

ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಮಿಲ್ಲುಗಳಿಗೆ ಮುಕ್ಕಾಲು ಪಾಲು ಹತ್ತಿ ಬರುತ್ತಿದ್ದುದು ಅಲ್ಲಿಂದಲೇ. ಲ್ಯಾಂಕಾಷೈರಿನಲ್ಲಿ ಮಿಲ್ಲುಗಳು ನಿಂತು, ಲಕ್ಷಾಂತರ ಕೂಲಿಗಾರರು ಧರ್ಮದ ಗಂಜಿಗೆ ಸಾಲುನಿಂತರು. ನಮ್ಮ ಧಾರವಾಡ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ 1840ರ ದಶಕದಿಂದಲೇ ಅಮೆರಿಕಾದ ಬೀಜ ಊರಿ ‘ಧಾರವಾಡ-ಅಮೆರಿಕನ್’ ಹತ್ತಿ ಬೆಳೆಯುತ್ತಿದ್ದರು. ಅದಕ್ಕೆ ಎಂದೂ ಇಲ್ಲದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲ ಮಾಡಿದ್ದ ರೈತನ ಪಾಡು ನೀವೇ ಊಹಿಸಿರಿ.

ನಾನು ಹೇಳಬೇಕೆಂದು ಬಂದದ್ದು ಮ್ಯಾಂಚೆಸ್ಟರಿನ ಸಂಗತಿ. ದಿಗ್ಬಂಧನ ಮುರಿದು ಹತ್ತಿ ತರಿಸಿರೆಂದು ಒತ್ತಾಯಿಸಿದವರು ಧಣಿಗಳಲ್ಲಿಯೂ ಇದ್ದರು, ಹಸಿದ ಕೂಲಿಗಾರರಲ್ಲಿಯೂ ಇದ್ದರು, ಮುಚ್ಚಿಡುವುದೇಕೆ? ಆದರೂ 1862ನೇ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ನೆರೆದ ಕೆಲಸಗಾರರು, ತಾವು ಗುಲಾಮರ ಬಿಡುಗಡೆಯ ಪಕ್ಷವೆಂದು ಲಿಂಕನ್ನರಿಗೆ ಬಿನ್ನವತ್ತಳೆ ಕಳಿಸಿದರು. ಕಣ್ಣಾರೆ ಕಾಣದ, ಬಣ್ಣ ಬೇರೆಯಾದ ಜನಕ್ಕಾಗಿ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡರು! ಮರುದಿನವೇ, ದಂಗೆಯೆದ್ದ ಸೀಮೆಗಳ ಗುಲಾಮರು ಸ್ವತಂತ್ರರೆಂಬ ಘೋಷಣೆ ಹೊರಟಿತು. ಜನವರಿ 19ರಂದು ಲಿಂಕನ್ನರು ಆ ಕೆಲಸಗಾರರಿಗೆ ಉತ್ತರ ಬರೆದರು. ಅಮೆರಿಕಾದಿಂದ ಹಡಗಿನಲ್ಲಿ ಆಹಾರವೂ ಬಂತು.

ಇನ್ನು ನಮ್ಮ ದೇಶ. ಮನುಷ್ಯನ ಮೇಲೆ ಮನುಷ್ಯನ ಒಡೆತನವನ್ನು ಕೋರ್ಟು ಮಾನ್ಯ ಮಾಡಕೂಡದೆಂದು 1843ರಲ್ಲೇ ಕಾನೂನಾಯಿತು. ಯುದ್ಧವೇನೂ ಆಗಲಿಲ್ಲ, ಜೀತವೂ ಹೋಗಲಿಲ್ಲ, ಸಾಲದ ಹೆಸರಿನಲ್ಲಿ ಉಳಿಯಿತು. ಅದನ್ನು ರದ್ದು ಮಾಡಿದ್ದು 1976ರ ಕಾನೂನು. ಆಮೇಲೂ ಪಕ್ಕದ ರೆಡ್ ಹಿಲ್ಸ್ ಕಡೆಯ ಅಕ್ಕಿ ಗಿರಣಿಗಳಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದ ಇರುಳರ ಸಂಸಾರಗಳನ್ನು ಅಧಿಕಾರಿಗಳು ಬಿಡಿಸಿದ್ದುಂಟು. ಹೋಟೆಲಿನ ಹುಡುಗನನ್ನೇ ಆಗಲಿ, ಅಡ್ವಾನ್ಸ್ ತೀರುವವರೆಗೆ ಹೊರಗೆ ಬಿಡೆನೆಂದು ಜೀತಕ್ಕಿಟ್ಟುಕೊಂಡರೆ, ಆ ಕಾನೂನಿನಂತೆ ಅವನ ಸಾಲ ಅಲ್ಲಿಗೇ ವಜಾ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಕಲೆಕ್ಟರಿಗೆ.