ಇಚ್ಛೋಗಿಲ್ ಕಾಲುವೆಯವರೆಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಗುರುವಂದನೆ ಕಾರ್ಯಕ್ರಮದಲ್ಲಿ ಶಾಲೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೆನಪುಗಳನ್ನು ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ನಾನು ಒಂದೇ ಒಂದು ಪೀರಿಯಡ್ಡಿನ ವಿಷಯ ಹೇಳುತ್ತೇನೆ. ಅದು ನಾನು ಕೆಡಿಸಿದ ಪೀರಿಯಡ್ಡು. ಅವತ್ತು ತರಗತಿಯಲ್ಲಿದ್ದ ಮೂರ್ನಾಲ್ಕು ಮಂದಿ ಇಲ್ಲಿಯೇ ಕೂತಿದ್ದಾರೆ, ಅವರಿಗೆ ನೆನಪಿದ್ದರೂ ಇರಬಹುದು.

1965ರ ಯುದ್ಧ ನಡೆದಾಗ ನಾನು ಮೂರನೇ ಕ್ಲಾಸು. ಪಂಚಾಯಿತಿ ಕಟ್ಟಡದ ರೇಡಿಯೋ ಮುಂದೆ ದೊಡ್ಡವರು ನಿಂತಿದ್ದದ್ದು, ಶಾಸ್ತ್ರಿಯವರು ಹೇಳಿದ್ದಾರೆಂದು ಸೋಮವಾರ ರಾತ್ರಿ ನಮ್ಮವ್ವ ಒಲೆ ಹಚ್ಚದೇ ಇದ್ದದ್ದು, ಇಷ್ಟೇ ನನಗೆ ಗೊತ್ತಿದ್ದ ಯುದ್ಧ. ಮೇಷ್ಟ್ರಾದ ಮೇಲೂ ಅದಕ್ಕಿಂತ ಹೆಚ್ಚೇನೂ ಪಾಠ ಮಾಡಲಿಲ್ಲ. ಪುಸ್ತಕದಲ್ಲಿ ನಾಲ್ಕು ಸಾಲು, ಪರೀಕ್ಷೆಯಲ್ಲಿ ಒಂದು ಅಂಕ: ತಾಷ್ಕೆಂಟ್ ಒಪ್ಪಂದ ಯಾವಾಗ ಆಯಿತು? 1966ರ ಜನವರಿ 10. ಮುಗಿಯಿತು.

ಆ ನಾಲ್ಕು ಸಾಲಿನೊಳಗೆ ಏನಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆಗಸ್ಟ್ 5ರ ಹೊತ್ತಿಗೆ ಪಾಕಿಸ್ತಾನ ಸಾವಿರಾರು ಜನರನ್ನು ಮಾರುವೇಷದಲ್ಲಿ ಕಾಶ್ಮೀರದೊಳಕ್ಕೆ ನುಗ್ಗಿಸಿತು. ಜನ ದಂಗೆ ಏಳುತ್ತಾರೆಂದು ಅವರ ಎಣಿಕೆ. ಜನ ಏಳಲಿಲ್ಲ. ಆಗಸ್ಟ್ 28ಕ್ಕೆ ನಮ್ಮವರು ಹಾಜಿಪೀರ್ ಕಣಿವೆ ಹಿಡಿದರು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಾಂಬ್ ಕಡೆಯಿಂದ ಅಖ್ನೂರಿನತ್ತ ಹೊರಟವು. ಅಖ್ನೂರಿನಲ್ಲಿ ಚಿನಾಬ್ ನದಿಗೆ ಒಂದು ಸೇತುವೆ ಇದೆ. ಅದು ಹೋದರೆ ರಾಜೌರಿ, ಪೂಂಛ್ ಕಡೆಯ ನಮ್ಮ ಸೈನ್ಯಕ್ಕೆ ಅನ್ನವೂ ಇಲ್ಲ, ಗುಂಡೂ ಇಲ್ಲ. ಅಲ್ಲಿಯೇ ನಿಂತು ತಡೆಯುವುದು ಕಷ್ಟವಿತ್ತು.

ಒಬ್ಬ ನಿಮ್ಮ ಕತ್ತಿನ ಪಟ್ಟಿ ಹಿಡಿದಿದ್ದರೆ ಅವನ ಕೈ ಬಿಡಿಸುವುದು ಒಂದು ದಾರಿ. ಅವನ ಕಾಲು ತುಳಿಯುವುದು ಇನ್ನೊಂದು. ಶಾಸ್ತ್ರಿಯವರ ಸರ್ಕಾರ ಎರಡನೆಯದನ್ನು ಆರಿಸಿತು. 1947-48ರ ಯುದ್ಧ ಕಾಶ್ಮೀರದೊಳಗೇ ನಡೆದು ಮುಗಿದಿತ್ತು. ಭಾರತ ಅಂತರರಾಷ್ಟ್ರೀಯ ಗಡಿ ದಾಟುವುದಿಲ್ಲ ಎಂದು ರಾವಲ್ಪಿಂಡಿಯವರು ನೆಮ್ಮದಿಯಾಗಿದ್ದರು. ಐದು ಅಡಿ ಎತ್ತರದ ಆ ಮನುಷ್ಯನ ಬಗ್ಗೆ ಅವರಿಗೆ ಅಂಥ ಭಯವೇನೂ ಇರಲಿಲ್ಲ. ಸೆಪ್ಟೆಂಬರ್ 6ರ ನಸುಕಿನಲ್ಲಿ ಪಂಜಾಬಿನಲ್ಲಿ ಮೂರು ದಾರಿಗಳಿಂದ ನಮ್ಮ ಸೈನ್ಯ ಗಡಿ ದಾಟಿತು. ವಾಘಾದಿಂದ ಲಾಹೋರಿನ ಹೆದ್ದಾರಿಯಲ್ಲಿ, ಖಾಲ್ರಾದಿಂದ ಬರ್ಕಿ ಕಡೆಗೆ, ಖೇಮ್‌ಕರಣ್‌ನಿಂದ ಕಸೂರ್ ಕಡೆಗೆ. ಅಖ್ನೂರಿನ ಮೇಲಿನ ಒತ್ತಡ ಸಡಿಲವಾಯಿತು. ಇಂದಿಗೂ ಪಾಕಿಸ್ತಾನದಲ್ಲಿ ಸೆಪ್ಟೆಂಬರ್ 6 ರಕ್ಷಣಾ ದಿನ. ಅವರ ಲೆಕ್ಕದಲ್ಲಿ ಯುದ್ಧ ಶುರುವಾದದ್ದು ಅವತ್ತು, ನಮ್ಮ ಲೆಕ್ಕದಲ್ಲಿ ಅದಕ್ಕೆ ಒಂದು ತಿಂಗಳು ಮೊದಲೇ. ಜಮೀನು ವ್ಯಾಜ್ಯದಲ್ಲಿ ಇಬ್ಬರ ತಾರೀಖೂ ಬೇರೆಬೇರೆ ಇರುತ್ತದಲ್ಲ, ಹಾಗೆ.

ಈಗ ಪೀರಿಯಡ್ಡಿಗೆ ಬರುತ್ತೇನೆ. 1991ನೇ ಇಸವಿ. ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಒಬ್ಬರಿದ್ದರು, ಮಿಲ್ಟ್ರಿ ಅಣ್ಣ ಎಂದರೆ ಹಿರಿಯರಿಗೆಲ್ಲ ಗೊತ್ತು. ಸೈನ್ಯದ ಸರಬರಾಜು ವಿಭಾಗದಲ್ಲಿ ಲಾರಿ ಡ್ರೈವರ್ ಆಗಿದ್ದವರು. ಆ ಯುದ್ಧದಲ್ಲಿ ಇವರೂ ಇದ್ದರಂತೆ ಎಂದು ಯಾರೋ ಹೇಳಿದರು. ಹತ್ತನೇ ತರಗತಿಗೆ ಕರೆದುಕೊಂಡು ಬಂದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ತಲೆಗೂದಲಲ್ಲಿ ಮಾತ್ರ ಸ್ವಲ್ಪ ಹಿಟ್ಟು ಉಳಿದಿತ್ತು.

ಅವರು ಮೊದಲು ಸೀಮೆಸುಣ್ಣ ಕೇಳಿದರು. ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆದು ಅದಕ್ಕೆ ರಸ್ತೆ ಎಂದರು. ಒಂದು ಉದ್ದಗೆರೆ, ಅದು ಗಡಿ. ಅದರಾಚೆ ಇನ್ನೊಂದು ಉದ್ದಗೆರೆ, ಅದು ಇಚ್ಛೋಗಿಲ್ ಕಾಲುವೆ. ಗೆರೆಗಳು ಕೂಡುವಲ್ಲಿ ಒಂದು ಚೌಕ, ಅದು ಸೇತುವೆ. "ನಮಗೆ ಗಡಿ ದಾಟಿದ್ದೇ ಗೊತ್ತಾಗಲಿಲ್ಲ ಮಕ್ಕಳೇ. ಲೈಟ್ ಹಾಕೋ ಹಾಗಿಲ್ಲ, ಮುಂದಿನ ಲಾರಿ ನೋಡ್ಕೊಂಡು ಹೋಗ್ತಾ ಇದ್ದೆ. ಬೆಳಗಾದಾಗ ನೋಡಿದ್ರೆ ಅದೇ ಕಬ್ಬು, ಅದೇ ಗದ್ದೆ. ಮೈಲಿಗಲ್ಲಿನ ಅಕ್ಷರ ಮಾತ್ರ ಬೇರೆ" ಎಂದರು.

ಹಿಂದಿನ ಬೆಂಚಿನ ಒಬ್ಬ ಎದ್ದು, "ಎಷ್ಟು ಜನಾನ ಹೊಡೆದ್ರಿ ತಾತ?" ಎಂದ.

"ನಾನು ಡ್ರೈವರ್ ಕಣಪ್ಪ. ಗುಂಡು ತಗೊಂಡು ಹೋಗಿ ಇಳಿಸಿ ಬರೋದು ನನ್ನ ಕೆಲಸ."

ತರಗತಿ ನಕ್ಕಿತು. ನಾನು ಬೈಯಬೇಕಿತ್ತು. ಬೈಯಲಿಲ್ಲ, ನಾನೂ ಸ್ವಲ್ಪ ನಕ್ಕೆ. ವೀರಕಥೆ ಸಿಗುತ್ತದೆಂದು ಕರೆದುಕೊಂಡು ಬಂದಿದ್ದೆ, ಲಾರಿಯ ಕಥೆ ಬಂತು. ಪೋರ್ಷನ್ ಬೇರೆ ಉಳಿದಿತ್ತು. ಗಡಿಯಾರ ನೋಡಿ, "ಸರಿ ಯಜಮಾನ್ರೇ, ಇನ್ನೊಂದು ದಿನ ಪೂರ್ತಿ ಕೇಳೋಣ" ಎಂದುಬಿಟ್ಟೆ. ಅವರು ಸೀಮೆಸುಣ್ಣವನ್ನು ಡಬ್ಬಿಯೊಳಗೆ ಇಟ್ಟು ಹೋದರು. ಮುಂದಿನ ಪೀರಿಯಡ್ಡು ಗಣಿತ. ನಕಾಶೆ ಒರೆಸಿ ಹೋಯಿತು.

ಅವರು ಹೇಳಲು ಹೊರಟಿದ್ದದ್ದು ಏನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕ ಓದಿದಾಗ. ಆ ರಸ್ತೆಯಲ್ಲಿ ಮುಂದೆ ಇದ್ದದ್ದು ಮೂರನೇ ಜಾಟ್ ಪಡೆ, ಅದರ ನಾಯಕ ಲೆಫ್ಟಿನೆಂಟ್ ಕರ್ನಲ್ ಡೆಸ್ಮಂಡ್ ಹೇಡ್. ಅವತ್ತೇ ಬೆಳಿಗ್ಗೆ ಅವರು ಡೋಗ್ರಾಯಿ ಎಂಬ ಊರನ್ನು ಹಿಡಿದು, ಕಾಲುವೆ ದಾಟಿ, ಆಚೆ ದಡದ ಬಾಟಾಪುರ ಮುಟ್ಟಿದ್ದರು. ನಾವು ಕಾಲಿಗೆ ಹಾಕುವ ಬಾಟಾ ಚಪ್ಪಲಿಯ ಕಾರ್ಖಾನೆ ಅಲ್ಲಿತ್ತು, ಊರಿಗೆ ಹೆಸರು ಬಂದದ್ದು ಅದರಿಂದ. ಲಾಹೋರ್ ಇನ್ನು ಹತ್ತಿರ. ಎದುರಿನವರು ಕಕ್ಕಾಬಿಕ್ಕಿ. ಆದರೆ ಹಿಂದಿನಿಂದ ಬರಬೇಕಾದ ಬಲ ಬರಲಿಲ್ಲ. ಪಾಕಿಸ್ತಾನದ ವಿಮಾನಗಳು ರಸ್ತೆಯ ಮೇಲಿನ ವಾಹನಗಳನ್ನು ಸುಟ್ಟವು. ಮೂರನೇ ಜಾಟ್ ಇಷ್ಟು ಮುಂದೆ ಹೋಗಿದೆ ಎಂಬ ಸುದ್ದಿ ಮೇಲಿನವರಿಗೆ ಸರಿಯಾಗಿ ಮುಟ್ಟಲೇ ಇಲ್ಲ. ಹಿಂದಕ್ಕೆ ಬನ್ನಿ ಎಂದು ಆಜ್ಞೆ ಬಂತು. ಬಂದರು.

ಶತ್ರುವಿಗೆ ಸುಳಿವು ಸಿಗಬಾರದೆಂದು ಮುಚ್ಚಿಟ್ಟ ಗುಟ್ಟು ನಮ್ಮವರನ್ನೂ ಬೆರಗುಗೊಳಿಸಿತು ಎಂದೇ ನನಗೆ ಅನಿಸುತ್ತದೆ. ಬಾಗಿಲು ತೆರೆದಿತ್ತು, ಒಳಗೆ ಹೋಗಲು ಯಾರೂ ಸಿದ್ಧರಿರಲಿಲ್ಲ. ಲಾಹೋರ್ ಹಿಡಿಯುವುದೇ ಉದ್ದೇಶವಾಗಿರಲಿಲ್ಲ, ಕಾಲುವೆಯವರೆಗೆ ಹೋಗುವುದಷ್ಟೇ ಎಂದು ಕೆಲವರು ಬರೆದಿದ್ದಾರೆ. ಇರಬಹುದು. ಆದರೆ ಆ ಕಾಲುವೆಯನ್ನು ಮುಟ್ಟಿದವರೇ ವಾಪಸ್ಸು ಬರಬೇಕಾಯಿತಲ್ಲ! ಅದೇ ಡೋಗ್ರಾಯಿಯನ್ನು ಅದೇ ಮೂರನೇ ಜಾಟ್ ಮತ್ತೆ ಹಿಡಿದದ್ದು ಸೆಪ್ಟೆಂಬರ್ 21-22ರ ರಾತ್ರಿ. ಅಷ್ಟರಲ್ಲಿ ಪಾಕಿಸ್ತಾನದವರು ಅಲ್ಲಿ ಭದ್ರವಾಗಿ ಬೇರೂರಿದ್ದರು. ಮನೆಮನೆಗೂ ಕೈಕೈ ಮಿಲಾಯಿಸಿ ಕಾದಾಡಬೇಕಾಯಿತು. ಸೆಪ್ಟೆಂಬರ್ 23ರ ನಸುಕಿಗೆ ಕದನ ವಿರಾಮ. ತಾಷ್ಕೆಂಟಿನಲ್ಲಿ ಎರಡೂ ಕಡೆಯವರು ಆಗಸ್ಟ್ 5ಕ್ಕೆ ಮೊದಲಿದ್ದ ಜಾಗಕ್ಕೆ ಹಿಂದಿರುಗುವುದೆಂದು ಒಪ್ಪಿದರು. ಡೋಗ್ರಾಯಿಯೂ ಹೋಯಿತು, ಹಾಜಿಪೀರೂ ಹೋಯಿತು. ಮಾರನೆಯ ದಿನವೇ ಶಾಸ್ತ್ರಿಯವರೂ ಅಲ್ಲಿಯೇ ತೀರಿಕೊಂಡರು.

ಸುದ್ದಿ ಮುಟ್ಟದಿರುವುದು ಎಂದಾಗ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯನವರನ್ನು ಬಿಟ್ಟು ಮುಂದೆ ಹೋಗಲಾರೆ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಅವರು ಮರಳಲಿಲ್ಲ. ಕಾಣೆಯಾದರು ಎಂದಷ್ಟೇ ಮನೆಯವರಿಗೆ ತಿಳಿದಿತ್ತು. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಉರುಳಿಸಿಯೇ ಅವರು ಸತ್ತದ್ದು ಎಂದು ಗೊತ್ತಾದದ್ದು 1979ರಲ್ಲಿ ಬಂದ ಒಬ್ಬ ಬ್ರಿಟಿಷ್ ಲೇಖಕರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ.

ಪುಸ್ತಕ ಓದಿದ ಸಂಜೆ ನಾನು ಗಿರಣಿಗೆ ಹೋದೆ. ಅಣ್ಣನಿಗೆ ಆಗ ವಯಸ್ಸಾಗಿತ್ತು, ಗಿರಣಿ ಮಗ ನೋಡಿಕೊಳ್ಳುತ್ತಿದ್ದರು. ಡೋಗ್ರಾಯಿ ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೋಗುವಾಗ ಗುಂಡು, ಬರುವಾಗ ಹುಡುಗರು" ಎಂದರು. "ಅದೇ ಲಾರಿ ಮೇಷ್ಟ್ರೇ. ಗಾಯ ಆದವರನ್ನೂ ಅದರಲ್ಲೇ ತರ್ತಿದ್ದೆ, ಹೋದವರನ್ನೂ ಅದರಲ್ಲೇ. ಮೊದಲನೇ ದಿನ ಇಷ್ಟು ಜನ ಇರಲಿಲ್ಲ. ಎರಡನೇ ಸಲ ಅದೇ ಊರಿಗೆ ಹೋದಾಗ ಎಷ್ಟು ಟ್ರಿಪ್ಪು ಹೊಡೆದೆ ಅನ್ನೋ ಲೆಕ್ಕ ತಪ್ಪಿತು. ಅವತ್ತು ಆ ಹುಡುಗ ಎಷ್ಟು ಜನ ಅಂತ ಕೇಳಿದ್ನಲ್ಲ, ಆ ಲೆಕ್ಕ ಹೇಳೋಣ ಅಂತಿದ್ದೆ. ಬೆಲ್ ಹೊಡೀತು."

ಬೆಲ್ ಹೊಡೆದಿರಲಿಲ್ಲ. ಇನ್ನೂ ಹತ್ತು ನಿಮಿಷ ಇತ್ತು. ಅದು ಅವರಿಗೂ ಗೊತ್ತಿತ್ತು.

ಕ್ಷಮೆ ಕೇಳಿದೆ. "ಅಯ್ಯೋ ಬಿಡಿ, ಕಾಫಿ ಕುಡೀತೀರಾ" ಎಂದರು. ಮತ್ತೆ ಶಾಲೆಗೆ ಬನ್ನಿ ಎಂದು ಕರೆದಾಗ ಬರುತ್ತೇನೆ ಎಂದರು, ಬರಲಾಗಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಅವರ ಮೊಮ್ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಅಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ಅವತ್ತಿನ ನಕಾಶೆಯನ್ನು ನೆನಪಿನಿಂದ ಒಂದು ದೊಡ್ಡ ಹಾಳೆಯ ಮೇಲೆ ಬರೆದು ಚೌಕಟ್ಟು ಹಾಕಿಸಿದ್ದೇನೆ. ರಸ್ತೆ, ಗಡಿ, ಕಾಲುವೆ, ಸೇತುವೆ, ಈಚೆ ದಡಕ್ಕೆ ಡೋಗ್ರಾಯಿ, ಆಚೆ ದಡಕ್ಕೆ ಬಾಟಾಪುರ. ಕೆಳಗೆ ಅವರ ಹೆಸರು ಬರೆದು ಡ್ರೈವರ್ ಎಂದು ಹಾಕಿದ್ದೇನೆ. ಮುಖ್ಯೋಪಾಧ್ಯಾಯರು ಅದನ್ನು ಹತ್ತನೇ ತರಗತಿಯ ಕೋಣೆಯಲ್ಲಿ ತೂಗುಹಾಕುತ್ತೇವೆ ಎಂದು ಒಪ್ಪಿದ್ದಾರೆ. ಅಳತೆಯಲ್ಲಿ ತಪ್ಪಿದ್ದರೆ ಈಗಿನ ಮೇಷ್ಟ್ರು ತಿದ್ದಬೇಕು.