ರೋಗದ ಮೊದಲ ದಿನ



ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ದಾರಿ ಹಿಡಿದವರಿಗೆ ಶಿರಾಡಿ ಘಟ್ಟದ ಇಳಿಜಾರಿಗೆ ಮುನ್ನ ದೋಣಿಗಲ್ ಸಿಕ್ಕುತ್ತದೆ. ೨೦೨೧ರ ಮಳೆಗಾಲದಲ್ಲಿ ಅಲ್ಲಿ ಹೆದ್ದಾರಿಯ ಅಂಚು ಕುಸಿಯಿತು, ಮರುವರ್ಷವೂ ಕುಸಿಯಿತು. ಇಂತಹ ಕುಸಿತವು ಕಣ್ಣಿಗೆ ಬೀಳುವುದು ಒಂದು ಗಳಿಗೆಯಲ್ಲಿ. ಆದರೆ ನೀರು ಒಳಗೊಳಗೇ ಇಳಿದು ಮಣ್ಣನ್ನು ಸಡಿಲಿಸುವುದು ಬಹುದಿನಗಳ ಕೆಲಸ. ಮೇಲೆ ನಡೆಯುವವನ ಕಾಲಿಗೆ ನೆಲವು ಕೊನೆಯವರೆಗೂ ಗಟ್ಟಿಯಾಗಿಯೇ ತೋರುತ್ತದೆ.

ಹೃದ್ರೋಗ, ಮಧುಮೇಹ, ರಕ್ತದ ಏರೊತ್ತಡ, ಇವು ಬರುವ ರೀತಿಯೂ ಹೀಗೆಯೇ. ಚಳಿಜ್ವರದಂತೆ ಮೈ ನಡುಗಿಸಿ ಇವು ತಮ್ಮ ಆಗಮನವನ್ನು ಸಾರುವುದಿಲ್ಲ. ಎದೆ ನೊಂದ ದಿನವನ್ನೇ ನಾವು ರೋಗದ ಮೊದಲ ದಿನವೆಂದು ಎಣಿಸುತ್ತೇವೆ. ನಿಜವಾದ ಮೊದಲ ದಿನ ಯಾವುದು? ಈ ಪ್ರಶ್ನೆಗೆ ಉತ್ತರದ ಒಂದು ಭಾಗವು ನಮ್ಮ ಮೈಸೂರಿನಲ್ಲಿಯೇ ದೊರೆತಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಬಲ್ಲರು. ಮೈಸೂರಿನಲ್ಲಿ ಬಾನುಲಿಯ ದನಿ ಕೇಳುವುದಕ್ಕೆ ಒಂದು ವರ್ಷ ಮೊದಲು, ೧೯೩೪ರಿಂದ, ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳ ಲೆಕ್ಕ ಉಳಿದುಬಂದಿದೆ. ಅದನ್ನು ಬರೆದ ದಾದಿಯರಿಗೆ ಅದು ನಿತ್ಯದ ಕೆಲಸ. ದಶಕಗಳು ಕಳೆದ ಮೇಲೆ ಮೈಸೂರಿನ ವೈದ್ಯರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಆ ಪುಸ್ತಕಗಳನ್ನು ತೆರೆದರು. ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ್ದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದರು.

೧೯೯೬ರಲ್ಲಿ ಪ್ರಕಟವಾದ ಫಲಿತಾಂಶವು ವಿಚಾರಾರ್ಹವಾದುದು. ಹುಟ್ಟುವಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋ, ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು. ಏಳು ಪೌಂಡಿಗೆ ಮೀರಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ತಾನು ಕಡಿಮೆ ತೂಗಿ, ತಾಯಿಯೂ ಬಸಿರಿನಲ್ಲಿ ನೂರು ಪೌಂಡಿಗಿಂತ ಕಡಿಮೆ ತೂಗಿದ್ದವರಲ್ಲಿ ಈ ಸಂಖ್ಯೆ ೨೦ಕ್ಕೆ ಏರಿದ್ದಿತು. ಮಧುಮೇಹದ ವಿಷಯದಲ್ಲಾದರೋ ಲೆಕ್ಕ ಬೇರೆಯಾಗಿ ಬಂದಿತು: ಗಿಡ್ಡಾಗಿ ದುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು.

ಇದನ್ನು ಹಣೆಬರಹವೆಂದು ತಿಳಿಯಲಾಗದು. ಕಡಿಮೆ ತೂಕದಲ್ಲಿ ಹುಟ್ಟಿದವರೆಲ್ಲರಿಗೂ ರೋಗ ಬಂದಿಲ್ಲ. ಬಂದವರಿಗೆಲ್ಲ ಅದೊಂದೇ ಕಾರಣವೂ ಅಲ್ಲ. ಹುಟ್ಟಿನ ತೂಕವನ್ನು ನಾವು ಈಗ ತಿದ್ದಲಾರೆವು. ಇಂದಿನ ಒತ್ತಡವನ್ನು ಅಳೆಯಬಲ್ಲೆವು. ಮೂವತ್ತು ದಾಟಿದವರಿಗೆ ರಕ್ತದ ಒತ್ತಡ ಮತ್ತು ಸಕ್ಕರೆಯ ತಪಾಸಣೆಯನ್ನು ಸರ್ಕಾರವೇ ಏರ್ಪಡಿಸಿದೆ. ಅದಕ್ಕೆ ಹಿಡಿಯುವುದು ಕೆಲವು ನಿಮಿಷ. ಉಪ್ಪು ದಿನಕ್ಕೆ ಐದು ಗ್ರಾಮಿಗೆ, ಎಂದರೆ ಒಂದು ಚಹಾ ಚಮಚಕ್ಕೆ, ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಹೊಗೆಸೊಪ್ಪಿಗೆ ಇಷ್ಟೆಂಬ ನಿರಪಾಯದ ಅಳತೆಯೇ ಇಲ್ಲ. “ನನಗೇನೂ ಆಗಿಲ್ಲವಲ್ಲ” ಎನ್ನುವವನೇ ಪರೀಕ್ಷೆಗೆ ಮೊದಲು ಹೋಗತಕ್ಕವನು. ಏಕೆಂದರೆ, ಏನೂ ತೋರದಿರುವುದೇ ಈ ರೋಗಗಳ ಸ್ವಭಾವ.

ಇನ್ನೊಂದು ಮಾತು. ಬೆಳಗ್ಗೆ ನಾವು ಪಟ್ಟಣದಲ್ಲಿ ಕುಡಿಯುವ ಕಾಫಿಯ ಹಣ್ಣನ್ನು ದೋಣಿಗಲ್ಲಿನ ಸುತ್ತಣ ತೋಟಗಳಂತಹ ಕಡೆ ಬಿಡಿಸುವವರಲ್ಲಿ ಬಸಿರು ಹೆಂಗಸರೂ ಇರಬಹುದು. ಅಂತಹವಳಿಗೆ ಹೊಟ್ಟೆತುಂಬ ಒಳ್ಳೆಯ ಊಟ, ವಿಶ್ರಾಂತಿ, ಕಾಲಕ್ಕೆ ಸರಿಯಾಗಿ ದಾದಿಯ ತಪಾಸಣೆ ದೊರೆಯುವುದನ್ನು ನಾವು ದಯೆಯೆಂದು ಕರೆಯುತ್ತೇವೆ. ಮೈಸೂರಿನ ಆ ಹಳೆಯ ಪುಸ್ತಕಗಳನ್ನು ಓದಿದ ಮೇಲೆ ಅದಕ್ಕೆ ಬೇರೆ ಹೆಸರಿಡಬೇಕಾಗಿದೆ: ಐವತ್ತು ವರ್ಷಗಳ ಮುಂದಿನ ಒಂದು ಹೃದಯಕ್ಕೆ ಇಂದೇ ಮಾಡುವ ಚಿಕಿತ್ಸೆ ಅದು. ರಸ್ತೆ ಕುಸಿದ ಮೇಲೆ ಮಣ್ಣು ತುಂಬುವುದಕ್ಕೆ ಎಲ್ಲರೂ ಬರುತ್ತಾರೆ. ನೀರಿಗೆ ಮೊದಲೇ ಕಾಲುವೆ ತೋಡುವವರೇ ನಮಗೆ ಬೇಕಾದವರು.